ಕಾಳಗದಲ್ಲಿ ಸಿಕ್ಕಿದ ಕೂಸು ಯಾರದು?

ಭೀಮಾ ಕೃಷ್ಣಾ ನದಿಗಳ ನಡುವೆ ಹರಡಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳೆಯ ಊರುಗಳಲ್ಲಿ ಸಂಚರಿಸಿದವರಿಗೆ ಕಲ್ಲುಮಣ್ಣಿನಿಂದ ಕಟ್ಟಿದ ಹುಡೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ಹಲವು ಕುಸಿದಿವೆ, ಕೆಲವುಗಳ ಮೇಲೆ ಹುಲ್ಲು ಬೆಳೆದಿದೆ, ಇನ್ನು ಕೆಲವುಗಳನ್ನೇರಿ ಹುಡುಗರು ಗಾಳಿಪಟ ಹಾರಿಸುತ್ತಾರೆ. ಇವು ಆಟಕ್ಕೆಂದು ಕಟ್ಟಿದವುಗಳಲ್ಲ. ದೂರದಲ್ಲಿ ಧೂಳೆದ್ದುದನ್ನು ಕಂಡು ತಳವಾರನು ಕೂಗಿದೊಡನೆ ಊರ ಹೆಂಗಸರೂ ಮಕ್ಕಳೂ ಏರಿ ಕುಳಿತುಕೊಳ್ಳಲೆಂದು ಹಿರಿಯರು ಇವನ್ನು ಕಟ್ಟಿಸಿದರು. ಡೋಣಿ ಸಾಲಿನ ಎರೆಯ ಭೂಮಿಯಲ್ಲಿ ಬಿಳಿಜೋಳವು ಬೆಳೆದಷ್ಟೇ ಹುಲುಸಾಗಿ ಕಾಳಗಗಳೂ ಬೆಳೆದವು. ೧೫೬೫ರ ಮಹಾಯುದ್ಧಕ್ಕೆ ತಾಳಿಕೋಟೆಯ ಹೆಸರೇ ಅಂಟಿದೆ. ೧೬೮೫-೮೬ರಲ್ಲಿ ಔರಂಗಜೇಬನ ಸೈನ್ಯವು ವಿಜಾಪುರವನ್ನು ಮುತ್ತಿತು. ೧೭೯೧ರಲ್ಲಿ ತಲೆಬುರುಡೆಗಳ ಬರವೆಂದು ಹೆಸರಾದ ಕ್ಷಾಮವು ಬಂತು. ಅದರ ಹಿಂದೆಯೇ ಪೆಂಢಾರಿಗಳು ಬಂದರು. ಪೆಂಢಾರಿಗಳು ಜೋಳ, ಬೆಳ್ಳಿ, ದನಗಳನ್ನಷ್ಟೇ ಒಯ್ದವರಲ್ಲ. ಹಿಡಿದು ಕುದುರೆಯ ಬೆನ್ನಿಗೆ ಹಾಕಿಕೊಳ್ಳಬಹುದಾದಷ್ಟು ಸಣ್ಣ ಮಕ್ಕಳನ್ನೂ ಒಯ್ಯುತ್ತಿದ್ದರು. ದನಕ್ಕೆ ಸಂತೆಯಿದ್ದಂತೆ ಮಗುವಿಗೂ ಎಲ್ಲಿಯೋ ಒಂದು ಸಂತೆಯಿತ್ತು.

ಹೋರಾಡಿ ಸತ್ತವನಿಗೆ ವೀರಗಲ್ಲು ನಿಲ್ಲುತ್ತದೆ. ಗೆದ್ದ ಅರಸನಿಗೆ ಶಾಸನವುಂಟು, ಸೋತ ಅರಸನಿಗೆ ಲಾವಣಿಯಾದರೂ ಉಂಟು. ಗದ್ದಲದಲ್ಲಿ ತಾಯಿಯ ಸೆರಗು ಬಿಟ್ಟು ಹೋದ ನಾಲ್ಕು ವರ್ಷದ ಕೂಸಿಗೆ ಯಾವ ಕಲ್ಲನ್ನೂ ಯಾರೂ ನಿಲ್ಲಿಸಿದ್ದಿಲ್ಲ. ಅದು ಸತ್ತಿರಲಿಕ್ಕಿಲ್ಲವೆಂಬುದೇ ಅದಕ್ಕೆ ಕಾರಣವಾಗಿರಬಹುದು. ಎಲ್ಲಿಯೋ ಬದುಕಿರಬಹುದಾದ, ಬೇರೆ ಹೆಸರಿನಿಂದ ಕರೆಯಿಸಿಕೊಳ್ಳುತ್ತಿರಬಹುದಾದ ಮಗುವಿಗಾಗಿ ಅಳುವುದು ಹೇಗೆಂಬುದಕ್ಕೆ ನಮ್ಮ ಅಪರಸಂಸ್ಕಾರದ ಗ್ರಂಥಗಳಲ್ಲಿಯೂ ನೆಟ್ಟಗಿನ ವಿಧಿಯಿಲ್ಲ.

ಪ್ರಕೃತ ವಿಚಾರಕ್ಕೆ ಬರೋಣ. ಯುದ್ಧಕಾಲದಲ್ಲಿ ಮಗುವು ಪರರ ಕೈಗೆ ಸೇರುವುದು ಎರಡು ದಾರಿಗಳಿಂದ. ಕಸಿದುಕೊಂಡು ಒಯ್ಯುವುದು ಒಂದು. ಹಸಿವಿನಿಂದಲೋ ಭಯದಿಂದಲೋ ಹೆತ್ತವರೇ ಒಪ್ಪಿಸುವುದು, ಇಲ್ಲವೆ ಹಾದಿಯಲ್ಲಿ ಬಿಟ್ಟುಹೋದುದನ್ನು ಕಂಡವರು ಎತ್ತಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಅನ್ಯಾಯವಲ್ಲವೆಂದು ಹೇಳುವವರು ಇಂದು ಯಾರೂ ಇಲ್ಲ. ಎರಡನೆಯದರಲ್ಲಿಯೇ ತೊಡಕಿದೆ. ಎತ್ತಿಕೊಂಡವನು ಅನ್ನವಿಕ್ಕಿದನು, ಬಟ್ಟೆ ಕೊಟ್ಟನು, ಪ್ರಾಣವನ್ನುಳಿಸಿದನು. ಇಂಥವನಿಗೆ ಆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲವೆನ್ನುವುದು ಹೇಗೆ? ಮಕ್ಕಳ ವ್ಯಾಪಾರವು ಎಲ್ಲ ಕಾಲಗಳಲ್ಲಿಯೂ ಈ ದಯೆಯ ಮುಖವಾಡವನ್ನು ಹಾಕಿಕೊಂಡೇ ನಡೆದಿದೆಯಾದ ಕಾರಣ, ಈ ಪ್ರಶ್ನೆಗೆ ಉತ್ತರ ಹೇಳದೆ ಕಳ್ಳನನ್ನು ಕಳ್ಳನೆಂದು ಗುರುತಿಸುವುದೂ ಸಾಧ್ಯವಾಗುವುದಿಲ್ಲ.

ವಿಜಾಪುರದ ಇತಿಹಾಸವನ್ನು ಓದಿದವರಿಗೆ ಮಲಿಕ್ ಅಂಬರನ ಹೆಸರು ಹೊಸದಲ್ಲ. ಅಹಮದನಗರದ ನಿಜಾಮಶಾಹಿಯನ್ನು ಮೊಗಲರ ಬಾಯಿಂದ ಕಾಲು ಶತಮಾನದಷ್ಟು ಕಾಲ ಉಳಿಸಿಕೊಂಡವನು ಅವನು. ಮುಂದೆ ಔರಂಗಾಬಾದವೆನಿಸಿದ ಖಡ್ಕಿಯನ್ನು ಕಟ್ಟಿಸಿದವನು. ಜಮೀನಿನ ಕಂದಾಯದ ಪದ್ಧತಿಯಿಂದ ರೈತರ ನೆನಪಿನಲ್ಲಿ ನಿಂತವನು. ಅವನು ಹುಟ್ಟಿದ್ದು ಸುಮಾರು ೧೫೪೮ರಲ್ಲಿ, ಆಫ್ರಿಕದ ಇಥಿಯೋಪಿಯ ದೇಶದಲ್ಲಿ. ಆಗ ಅವನ ಹೆಸರು ಚಾಪು. ಅವನು ದಾಸವ್ಯಾಪಾರಿಗಳ ಕೈಗೆ ಸಿಕ್ಕಿದ್ದು ಹೇಗೆಂಬುದನ್ನು ಇತಿಹಾಸಕಾರರು ನಿಶ್ಚಯಿಸಲಾರದೆ ಎರಡು ಮಾತು ಹೇಳುತ್ತಾರೆ: ಯುದ್ಧದಲ್ಲಿ ಸೆರೆಸಿಕ್ಕಿರಬೇಕು, ಅಥವಾ ಬಡತನದಿಂದ ಹೆತ್ತವರೇ ಮಾರಿರಬೇಕು. ಮೇಲೆ ಹೇಳಿದ ಎರಡು ದಾರಿಗಳು ಇವೇ ಅಲ್ಲವೆ? ಕೆಂಪು ಸಮುದ್ರದ ಮೋಖಾ ಬಂದರದಲ್ಲಿ ಅವನು ಇಪ್ಪತ್ತು ಡುಕಾಟು ನಾಣ್ಯಗಳಿಗೆ ಮಾರಾಟವಾದನೆಂದು ಡಚ್ ವರ್ತಕನಾದ ಪೀಟರ್ ವಾನ್ ಡೆನ್ ಬ್ರೂಕನು ಬರೆದಿಟ್ಟಿದ್ದಾನೆ. ಬಳಿಕ ಕೊಂಡುಕೊಂಡ ಮೀರ್ ಕಾಸಿಮನೆಂಬವನು ಹುಡುಗನ ಬುದ್ಧಿಯನ್ನು ಕಂಡು ಓದುಬರಹ ಕಲಿಸಿ ಅಂಬರನೆಂಬ ಹೆಸರನ್ನಿಟ್ಟನು. ಕಡೆಗೆ ದಕ್ಷಿಣಕ್ಕೆ ತಂದು ಅಹಮದನಗರದ ಪೇಶ್ವೆ ಚಂಗೇಜಖಾನನಿಗೆ ಮಾರಿದನು. ಆ ಪೇಶ್ವೆಯೂ ಹಿಂದೊಮ್ಮೆ ದಾಸನಾಗಿ ಬಂದ ಹಬಶಿಯೇ! ಅವನು ತೀರಿಕೊಂಡ ಮೇಲೆ ಅವನ ಹೆಂಡತಿಯು ಅಂಬರನನ್ನು ಬಿಡುಗಡೆ ಮಾಡಿದಳು. ಮುಂದಿನದು ಎಲ್ಲರೂ ಬಲ್ಲ ಕಥೆ. ವಿಜಾಪುರದ ಆದಿಲಶಾಹಿಯಲ್ಲಿಯೂ ದಿಲಾವರಖಾನ, ಇಖಲಾಸಖಾನ ಮೊದಲಾದ ಹಬಶಿಗಳು ರಾಜ್ಯಸೂತ್ರವನ್ನು ಹಿಡಿದಿದ್ದರು.

ಪೂರ್ವಪಕ್ಷಕ್ಕೆ ಇದಕ್ಕಿಂತ ಬಲವಾದ ದೃಷ್ಟಾಂತವು ಸಿಗಲಾರದು. ಮಾರಾಟವಾದ ಹುಡುಗನು ರಾಜ್ಯವನ್ನಾಳಿದನು. ತಾಯಿಯ ಮಡಿಲಲ್ಲಿಯೇ ಉಳಿದಿದ್ದರೆ ಏನಾಗುತ್ತಿದ್ದನು? ಆದ್ದರಿಂದ ಕೊಂಡವನು ಉಪಕಾರಿಯೇ, ಎನ್ನುತ್ತಾರೆ. ಈ ವಾದವು ಕೇಳುವುದಕ್ಕೆ ಇಂಪಾಗಿದೆ. ಆದರೆ ೧೬೨೪ರಲ್ಲಿ ಭಾತವಡಿಯ ಕಾಳಗವನ್ನು ಗೆದ್ದ ಅದೇ ಅಂಬರನು ವಿಜಾಪುರದ ಮೇಲೆ ದಂಡೆತ್ತಿ ಬಂದು, ಇಬ್ರಾಹಿಮ ಆದಿಲಶಹನು ಆಸೆಪಟ್ಟು ಕಟ್ಟಿಸಿದ ನವರಸಪುರವನ್ನು ಹಾಳುಮಾಡಿ, ರಾಜಧಾನಿಯನ್ನೇ ಮುತ್ತಿದನು. ಅವನ ಸೈನ್ಯವು ಸೊಲ್ಲಾಪುರದ ಕೋಟೆಯನ್ನೂ ಹಿಡಿಯಿತು. ವಿಜಾಪುರಕ್ಕೂ ಸೊಲ್ಲಾಪುರಕ್ಕೂ ನಡುವೆ ಇರುವುದು ಇಂಡಿಯ ನೆಲ. ಆ ಹಾದಿಯ ಹಳ್ಳಿಗಳಲ್ಲಿ ಎಷ್ಟು ಚಾಪುಗಳು ಆ ವರ್ಷ ತಾಯಿಯನ್ನು ಕಳೆದುಕೊಂಡರೋ ಯಾರೂ ಎಣಿಸಿದ್ದಿಲ್ಲ. ಅಂಬರನನ್ನು ಇದಕ್ಕಾಗಿ ನಿಂದಿಸುವುದು ಸರಿಯಲ್ಲ. ಯುದ್ಧಕ್ಕಾಗಿಯೇ ಕೊಂಡು ಬೆಳೆಯಿಸಿದ ಹುಡುಗನು ಯುದ್ಧವನ್ನೇ ಮಾಡಿದನು.

ಇದಲ್ಲದೆ ದೃಷ್ಟಾಂತವೊಂದನ್ನೇ ನೋಡಿ ಸಮುದಾಯವನ್ನು ಮರೆಯಬಾರದು. ಅಂಬರನಂತೆಯೇ ಆಫ್ರಿಕದ ತೀರದಿಂದ ಹಡಗುಗಳಲ್ಲಿ ಬಂದ ಸಾವಿರಾರು ಜನರಿಗೆ ಯಾವ ರಾಜ್ಯವೂ ದೊರೆಯಲಿಲ್ಲ. ಪೋರ್ತುಗೀಜರ ಗೋವೆಯಲ್ಲಿ ದಾಸರಾಗಿದ್ದು ಘಟ್ಟದ ಕಾಡುಗಳಿಗೆ ತಪ್ಪಿಸಿಕೊಂಡು ಬಂದವರ ಸಂತತಿಯವರೇ ಇಂದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳಲ್ಲಿ ಇರುವ ಸಿದ್ದಿಗಳೆಂದು ತಿಳಿದವರು ಹೇಳುತ್ತಾರೆ. ೨೦೦೩ರಲ್ಲಿ ಅವರನ್ನು ಪರಿಶಿಷ್ಟ ಪಂಗಡದವರೆಂದು ಸರಕಾರವು ಮನ್ನಿಸಿತು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಕೊಂಕಣಿ, ಕನ್ನಡ, ಉರ್ದು ಭಾಷೆಗಳನ್ನಾಡುತ್ತಾರೆ. ಯಾವ ಒಡೆಯನ ಮನೆಯಲ್ಲಿದ್ದರೋ ಆ ಒಡೆಯನ ದೇವರೂ ಮಾತೂ ಅವರಿಗೆ ಬಂದವು. ಮೂಲದ ಊರು ಯಾವುದು, ಮುತ್ತಜ್ಜಿಯ ಹೆಸರೇನು, ಅವಳು ಆಡುತ್ತಿದ್ದ ಮಾತು ಯಾವುದು ಎಂಬುದನ್ನು ಹೇಳಬಲ್ಲವರು ಅವರಲ್ಲಿ ಉಳಿದಿಲ್ಲ. ಕೊಂಡವರು ಅವರ ಪೂರ್ವಿಕರಿಗೆ ಅನ್ನವಿಕ್ಕಿರಲಿಲ್ಲವೆಂದಲ್ಲ. ಅನ್ನವಿಕ್ಕಿಯೇ ಇಷ್ಟೆಲ್ಲವನ್ನೂ ಕಸಿದುಕೊಂಡರು.

ಈಗ ಶಾಸ್ತ್ರದ ಕಡೆಗೆ ನೋಡೋಣ. ನಮ್ಮ ಧರ್ಮಶಾಸ್ತ್ರಕಾರರನ್ನು ಈ ವಿಷಯದಲ್ಲಿ ಪೂರ್ತಿಯಾಗಿ ಸಮರ್ಥಿಸಲು ಹೊರಟರೆ ಸತ್ಯಕ್ಕೆ ದ್ರೋಹವಾಗುತ್ತದೆ. ಪೂರ್ತಿಯಾಗಿ ತಿರಸ್ಕರಿಸಿದರೂ ಹಾಗೆಯೇ. ಮನುವು ಏಳು ಬಗೆಯ ದಾಸರನ್ನು ಎಣಿಸುವಾಗ ಮೊದಲನೆಯವನನ್ನು ಧ್ವಜಾಹೃತನೆನ್ನುತ್ತಾನೆ, ಎಂದರೆ ಯುದ್ಧದ ಬಾವುಟದ ಕೆಳಗೆ ಹಿಡಿದು ತಂದವನು. ನಾರದನು ಹದಿನೈದು ಬಗೆಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ಅನಾಕಾಲಭೃತ, ಬರಗಾಲದಲ್ಲಿ ಅನ್ನಕೊಟ್ಟು ಸಾಕಲ್ಪಟ್ಟವನು. ಅವನಿಗೆ ಬಿಡುಗಡೆ ಬೇಕಾದರೆ ಒಂದು ಜೋಡಿ ಗೋವುಗಳನ್ನು ಕೊಡಬೇಕು. ಬರದಲ್ಲಿ ತಿಂದ ಅನ್ನವು ದುಡಿಮೆಯೊಂದರಿಂದಲೇ ತೀರತಕ್ಕದ್ದಲ್ಲವೆಂದು ಭಾವ. ೧೮೭೬ರಿಂದ ೧೮೭೮ರವರೆಗೆ ಇದ್ದ ಧಾತು ಈಶ್ವರ ಸಂವತ್ಸರಗಳ ಬರದ ವಿಷಯವನ್ನು ಬಲ್ಲ ಈ ಭಾಗದವರಿಗೆ ಆ ನಿಯಮದ ಕ್ರೌರ್ಯವು ಬೇಗನೆ ತಿಳಿಯುತ್ತದೆ. ಆಗ ಕಲಾದಗಿ ಜಿಲ್ಹೆಯೆನಿಸಿದ್ದ ಈ ಸೀಮೆಯ ಜನಸಂಖ್ಯೆಯು ೧೮೭೨ರ ಎಣಿಕೆಯಲ್ಲಿ ೮ ಲಕ್ಷ ೧೬ ಸಾವಿರವಿದ್ದುದು ೧೮೮೧ಕ್ಕೆ ೬ ಲಕ್ಷ ೩೮ ಸಾವಿರಕ್ಕಿಳಿಯಿತು. ಅಂಥ ಕಾಲದಲ್ಲಿ ಒಂದು ಬೊಗಸೆ ಜೋಳ ಕೊಟ್ಟವನಿಗೆ ಮಗುವಿನ ಆಯುಷ್ಯವೆಲ್ಲ ಸೇರಬೇಕೆಂದರೆ, ಹಗೇವು ತುಂಬಿದವನಿಗೆ ಬರಗಾಲಕ್ಕಿಂತ ಒಳ್ಳೆಯ ಸುಗ್ಗಿಯೇ ಇಲ್ಲವಾಯಿತು.

ಆದರೆ ಅದೇ ನಾರದನೂ ಯಾಜ್ಞವಲ್ಕ್ಯನೂ ಇನ್ನೊಂದು ಮಾತನ್ನು ಸೇರಿಸಿದ್ದಾರೆ. ಬಲಾತ್ಕಾರದಿಂದ ದಾಸನಾಗಿ ಮಾಡಲ್ಪಟ್ಟವನನ್ನೂ ಕಳ್ಳರು ಕದ್ದು ಮಾರಿದವನನ್ನೂ ಬಿಟ್ಟುಬಿಡತಕ್ಕದ್ದು. ಕೊಂಡವನು ಎಷ್ಟು ಬೆಲೆ ಕೊಟ್ಟಿದ್ದನೆಂಬುದನ್ನು ಅಲ್ಲಿ ಕೇಳಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು, ಎಂದರೆ ಸಿಂದಗಿಯಿಂದ ಬಹುದೂರದವನೇನೂ ಅಲ್ಲ. ಒಡೆಯನು ಬಿಡದಿದ್ದರೆ ಅರಸನೇ ಬಿಡಿಸಬೇಕೆಂದು ಅವನು ವಿವರಿಸುತ್ತಾನೆ. ಇದು ಹನ್ನೊಂದು ಹನ್ನೆರಡನೆಯ ಶತಮಾನಗಳ ಮಾತು. ಹೀಗಿದ್ದರೂ ಧ್ವಜದ ಕೆಳಗೆ ಹಿಡಿದುದಕ್ಕೂ ಕಳ್ಳನು ಕದ್ದುದಕ್ಕೂ ಇರುವ ಅಂತರವೇನೆಂದು ಯಾರೂ ಕೇಳಿದಂತಿಲ್ಲ. ಕಳ್ಳನ ಕೈಯಲ್ಲಿ ಬಾವುಟವಿಲ್ಲ, ಅಷ್ಟೆ.

ಹೆತ್ತವರೇ ಮಾರಿದರೆ? ಈ ಪ್ರಶ್ನೆಗೆ ವೇದಕಾಲದಷ್ಟು ಹಳೆಯ ಕಥೆಯೊಂದುಂಟು. ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಃಶೇಪನ ಆಖ್ಯಾನವದು. ತನ್ನ ಪ್ರಾಣಕ್ಕೆ ಬದಲಾಗಿ ಬಲಿಕೊಡುವುದಕ್ಕೆ ಒಬ್ಬನನ್ನು ಹುಡುಕುತ್ತ ಹೊರಟ ರಾಜಕುಮಾರ ರೋಹಿತನು ಕಾಡಿನಲ್ಲಿ ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನೆಂಬ ಋಷಿಯನ್ನು ಕಂಡನು. ಮೂವರು ಮಕ್ಕಳಲ್ಲಿ ಒಬ್ಬನಿಗೆ ನೂರು ಗೋವುಗಳು. ಹಿರಿಯನನ್ನು ತಂದೆಯು ತಬ್ಬಿಕೊಂಡನು, ಕಿರಿಯನನ್ನು ತಾಯಿಯು ತಬ್ಬಿಕೊಂಡಳು, ನಡುವಿನವನು ಮಾರಾಟವಾದನು. ಇಲ್ಲಿಯವರೆಗೆ ಹಸಿವಿನ ಕಥೆ. ಮಗುವನ್ನು ಯೂಪಕ್ಕೆ ಕಟ್ಟುವುದಕ್ಕೆ ಯಾರೂ ಒಪ್ಪದಿದ್ದಾಗ ಅಜೀಗರ್ತನು ಇನ್ನೂ ನೂರು ಗೋವುಗಳನ್ನು ಪಡೆದು ತಾನೇ ಕಟ್ಟಿದನು; ಕಡಿಯುವುದಕ್ಕೆ ಮತ್ತೆ ನೂರನ್ನು ಪಡೆದು ಕತ್ತಿಯನ್ನು ಮಸೆದನು. ಮೊದಲನೆಯ ನೂರು ಹಸಿವಿನ ಬೆಲೆಯಾದರೆ ಎರಡನೆಯ ಮೂರನೆಯ ನೂರುಗಳು ಯಾವುದರ ಬೆಲೆ? ವ್ಯಾಪಾರವೊಮ್ಮೆ ಆರಂಭವಾದರೆ ಹಸಿವು ತೀರಿದ ಮೇಲೆಯೂ ನಿಲ್ಲುವುದಿಲ್ಲವೆಂಬುದನ್ನು ಆ ಆಖ್ಯಾನಕಾರನು ಬಲ್ಲವನಾಗಿದ್ದನು. ಮಕ್ಕಳ ಮಾರಾಟವನ್ನು ಉಪಪಾತಕಗಳ ಸಾಲಿನಲ್ಲಿ ಸೇರಿಸಿದ ಮನುಸ್ಮೃತಿಯೇ, ಹಸಿದ ಅಜೀಗರ್ತನಿಗೆ ಪಾಪವು ತಟ್ಟಲಿಲ್ಲವೆಂದೂ ಹೇಳಿ ಮುಗಿಸುತ್ತದೆ. ಸ್ಮೃತಿಕಾರನು ಕ್ಷಮಿಸಿದರೂ ಶುನಃಶೇಪನು ಕ್ಷಮಿಸಲಿಲ್ಲ. ದೇವತೆಗಳ ದಯೆಯಿಂದ ಪಾಶವು ಕಳಚಿದ ಮೇಲೆ ತಂದೆಯು ಮಗನನ್ನು ಮರಳಿ ಬೇಡಿದನು. ಹುಡುಗನು ಹೋಗಲಿಲ್ಲ, ವಿಶ್ವಾಮಿತ್ರನ ತೊಡೆಯ ಮೇಲೆ ತಾನಾಗಿ ಕುಳಿತನು, ದೇವರಾತನೆಂಬ ಹೆಸರನ್ನು ಪಡೆದನು. ತಂದೆ ಮಾರಿದನು, ರಾಜಕುಮಾರನು ಕೊಂಡನು, ಋತ್ವಿಜರು ನೋಡುತ್ತ ನಿಂತರು. ಇಷ್ಟು ದೊಡ್ಡ ಕಥೆಯಲ್ಲಿ ಮಗುವಿನ ಮನಸ್ಸೇನೆಂಬುದು ಹೊರಬಿದ್ದದ್ದು ಎಲ್ಲ ಮುಗಿದ ಮೇಲೆ.

ಹೀಗೆ ಧ್ವಜಾಹೃತ, ಕ್ರೀತ, ಅನಾಕಾಲಭೃತ ಎಂಬ ಶಬ್ದಗಳಲ್ಲಿ ಯಾವುದೂ ಯುದ್ಧದಲ್ಲಿ ಸಿಕ್ಕಿದ ಮಗುವಿಗೆ ಹೊಂದುವುದಿಲ್ಲ. ಹೊಂದುವ ಶಬ್ದವು ಶಾಸ್ತ್ರದಲ್ಲಿ ಇಲ್ಲವೇ ಎಂದರೆ, ಇದೆ. ಆದರೆ ಅದು ದಾಸಪ್ರಕರಣದಲ್ಲಿಲ್ಲ, ನಿಕ್ಷೇಪಪ್ರಕರಣದಲ್ಲಿದೆ. ಒಬ್ಬನು ನಂಬಿ ಇಟ್ಟುಹೋದ ಒಡವೆಗೆ ನಿಕ್ಷೇಪವೆಂದು ಹೆಸರು. ಇಟ್ಟುಕೊಂಡವನು ಅದನ್ನು ಕಾಯಬೇಕು. ಮುದ್ರೆಯನ್ನು ಒಡೆಯದೆ ಇಟ್ಟಂತೆಯೇ ಹಿಂದಿರುಗಿಸಬೇಕು. ತನ್ನ ಲಾಭಕ್ಕೆ ಬಳಸಿಕೊಂಡರೆ ದಂಡವುಂಟು, ಬಳಸಿಕೊಂಡುದರ ಲಾಭವನ್ನೂ ಸೇರಿಸಿ ಕೊಡಬೇಕು. ಅನಾಥಬಾಲಕನ ಆಸ್ತಿಯನ್ನು ಅವನು ಪ್ರಾಯಕ್ಕೆ ಬರುವ ತನಕ ಅರಸನೇ ಕಾಯತಕ್ಕದ್ದೆಂದು ಮನುವಿನ ವಿಧಿಯೂ ಇದೆ. ಮಗುವಿನ ಹೊಲಕ್ಕೆ ಇಷ್ಟು ಕಾವಲನ್ನಿಟ್ಟ ಹಿರಿಯರು ಮಗುವಿಗೆ ಅಷ್ಟನ್ನೇ ಇಡದೆ ಹೋದದ್ದು ಸೋಜಿಗ! ಅದಿರಲಿ. ಕಾಳಗದಲ್ಲಿ ಸಿಕ್ಕಿದ ಕೂಸು ಸಿಕ್ಕಿದವನ ಲಾಭವಲ್ಲ, ನಿಕ್ಷೇಪ ಎಂದು ಒಪ್ಪಿಕೊಂಡರೆ ಕಾಪಾಡುವವನನ್ನೂ ವ್ಯಾಪಾರಿಯನ್ನೂ ಬೇರ್ಪಡಿಸುವ ಒರೆಗಲ್ಲು ದೊರೆಯುತ್ತದೆ. ಅನ್ನವಿಕ್ಕಿದನೇ ಎಂಬ ಪ್ರಶ್ನೆಯು ಸಾಲದು. ಅದನ್ನು ಇಬ್ಬರೂ ಮಾಡುತ್ತಾರೆ. ಆ ಮಗುವಿನ ಹೆಸರನ್ನು ಉಳಿಸಿದನೇ? ಯಾರಾದರೂ ಹುಡುಕಿಕೊಂಡು ಬಂದರೆ ಸಿಗುವಂತೆ ಊರಿಗೆ, ಅಧಿಕಾರಿಗೆ, ನೆರೆಹೊರೆಗೆ ತಿಳಿಸಿದನೇ? ಅದರ ದುಡಿಮೆಯನ್ನೋ ದೇಹವನ್ನೋ ತನ್ನ ಪ್ರಯೋಜನಕ್ಕೆ ಹಚ್ಚಿದನೇ? ವ್ಯಾಪಾರಿಯು ಮೊದಲು ಮಾಡುವುದು ಹೆಸರನ್ನು ಬದಲಿಸುವುದು, ಬಳಿಕ ಜಾಗವನ್ನು ಬದಲಿಸುವುದು. ಚಾಪುವಿನ ವಿಷಯದಲ್ಲಿ ನಡೆದದ್ದೂ ಅಷ್ಟೆ. ಓದು ಕಲಿಸಿದ ಮೀರ್ ಕಾಸಿಮನು ಕ್ರೂರನಾಗಿರಲಿಲ್ಲವೆಂದೇ ತೋರುತ್ತದೆ. ಆದರೂ ಕಲಿಸಿದ್ದನ್ನು ಕಡೆಗೆ ಬೆಲೆಯಲ್ಲಿ ಸೇರಿಸಿಕೊಂಡು ಮಾರಿದನು.

ಇದಕ್ಕೆ ಪ್ರತಿಯಾದ ಉದಾಹರಣೆಯು ಈ ನೆಲದಲ್ಲಿಯೇ ಇದೆ. ಉಪನಯನವನ್ನು ಒಲ್ಲದೆ ಬಾಗೇವಾಡಿಯ ಮನೆಯನ್ನು ತೊರೆದ ಬಸವಣ್ಣನಿಗೆ ಕೂಡಲಸಂಗಮದಲ್ಲಿ ಗುರುವಿನ ಆಶ್ರಯ ದೊರೆಯಿತೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಅನ್ನವೂ ದೊರೆಯಿತು, ವಿದ್ಯೆಯೂ ದೊರೆಯಿತು, ಹೆಸರು ಬಸವನೆಂದೇ ಉಳಿಯಿತು. ಮಂಗಳವಾಡಕ್ಕೆ ಹೊರಟು ನಿಂತಾಗ ಉಂಡ ಅನ್ನದ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಆದರೆ ನಿಕ್ಷೇಪದ ಉಪಮೆಗೂ ಒಂದು ಮಿತಿಯುಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಒಡವೆಯು ಬೆಳೆಯುವುದಿಲ್ಲ, ಮಾತಾಡುವುದಿಲ್ಲ. ಮಗುವು ಬೆಳೆಯುತ್ತದೆ, ಇಟ್ಟುಕೊಂಡವರನ್ನೇ ಅಪ್ಪ ಅವ್ವ ಎನ್ನಲಾರಂಭಿಸುತ್ತದೆ. ೧೯೪೭ರ ದೇಶವಿಭಜನೆಯ ಕಾಲದಲ್ಲಿ ಪಂಜಾಬಿನ ಎರಡೂ ಭಾಗಗಳಲ್ಲಿ ಅಪಹೃತರಾದ ಹೆಂಗಸರನ್ನೂ ಮಕ್ಕಳನ್ನೂ ಹುಡುಕಿ ಮರಳಿಸಬೇಕೆಂದು ಆ ವರ್ಷದ ದಶಂಬರದಲ್ಲಿಯೇ ಎರಡು ಸರಕಾರಗಳೂ ಒಪ್ಪಿಕೊಂಡವು. ೧೯೪೯ರಲ್ಲಿ ಭಾರತವು ಅದಕ್ಕೊಂದು ಕಾಯಿದೆಯನ್ನು ಮಾಡಿತು. ಹದಿನಾರು ವರ್ಷಕ್ಕೆ ಕೆಳಗಿನ ಗಂಡುಮಕ್ಕಳನ್ನೂ ಎಲ್ಲ ವಯಸ್ಸಿನ ಹೆಂಗಸರನ್ನೂ ಆ ಕಾಯಿದೆಯು ಒಂದೇ ಹಗ್ಗದಲ್ಲಿ ಕಟ್ಟಿತು. ಮೃದುಲಾ ಸಾರಾಭಾಯಿ, ಕಮಲಾಬೆನ್ ಪಟೇಲ್ ಮೊದಲಾದವರು ಈ ಕಾರ್ಯದಲ್ಲಿ ಪಟ್ಟ ಶ್ರಮವು ಸಾಮಾನ್ಯವಲ್ಲ. ಎಷ್ಟೋ ತಾಯಂದಿರಿಗೆ ಮಕ್ಕಳು ಸಿಕ್ಕಿದರು. ಆದರೆ ಮರಳಲು ಮನಸ್ಸಿಲ್ಲದವರನ್ನೂ ಕೇಳದೆ ಗಡಿಯನ್ನು ದಾಟಿಸಿದ್ದುಂಟು. ಅಪಹೃತೆಯಾದವಳಿಗೆ ಅಲ್ಲಿ ಹುಟ್ಟಿದ ಹಸುಗೂಸು ಯಾವ ದೇಶದ್ದೆಂಬ ಚರ್ಚೆಯು ನಡೆಯಿತು. ಅದು ತಾಯಿಯದೆಂಬ ಉತ್ತರವು ಎಲ್ಲರಿಗೂ ಮೊದಲು ಹೊಳೆಯಲಿಲ್ಲ. ಆ ಕಾಯಿದೆಯು ೧೯೫೭ರಲ್ಲಿ ಮುಗಿಯಿತು.

ಇದೇ ಕಾಲದಲ್ಲಿ ಈ ತಾಲೂಕುಗಳ ಗಡಿಯಲ್ಲಿಯೂ ಬೆಂಕಿಯು ಹೊತ್ತಿಕೊಂಡಿತ್ತು. ಇಂಡಿ ಸಿಂದಗಿಗಳ ಭೀಮೆಯಾಚೆ, ಮುದ್ದೇಬಿಹಾಳದ ಮೂಡಲಿಗೆ ನಿಜಾಮನ ರಾಜ್ಯ. ೧೯೪೭-೪೮ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಗಂಟುಮೂಟೆಗಳೊಡನೆ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಈಚೆಗೆ ಬಂದವರ ಕಥೆಗಳನ್ನು ಮನೆಗಳಲ್ಲಿ ಹೇಳುತ್ತಾರೆ. ೧೯೪೮ರ ಸಪ್ಟಂಬರದಲ್ಲಿ ಪೋಲಿಸ ಕಾರ್ಯಾಚರಣೆಯು ಮುಗಿದ ಬಳಿಕ ಆಚೆಯ ಕಡೆ ಸೇಡಿನ ಸರದಿಯು ಬಂತು. ಗುಲಬರ್ಗಾ ಬೀದರ ಜಿಲ್ಹೆಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಕೊಲೆ, ಸುಲಿಗೆ, ಹೆಂಗಸರ ಅಪಹರಣ ಇವನ್ನು ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ವರದಿಮಾಡಿತು. ಆ ವರದಿಯು ಬಹುಕಾಲ ಹೊರಗೆ ಬಾರದೆ ಉಳಿಯಿತು. ಈಚೆಗೆ ಬಂದವರ ಕಥೆಯನ್ನು ಹೇಳುವವರು ಆಚೆಯದನ್ನು ಹೇಳಲು ಹಿಂಜರಿಯುತ್ತಾರೆ. ಆಚೆಯದನ್ನು ಹೇಳುವವರಿಗೆ ಈಚಿನದು ನೆನಪಾಗುವುದಿಲ್ಲ. ಎರಡೂ ದಂಡೆಗಳಲ್ಲಿ ದಿಕ್ಕಿಲ್ಲದೆ ನಿಂತ ಮಗುವಿಗೆ ಈ ವಿಭಾಗವು ತಿಳಿಯದು.

ಹಾಗಾದರೆ ನಿಕ್ಷೇಪದ ಒಡೆಯನು ಯಾರು? ಹೆತ್ತವರೇ ಎಂದರೆ ಅಜೀಗರ್ತನು ಅಡ್ಡಬರುತ್ತಾನೆ. ರಾಜ್ಯವೆಂದರೆ ೧೯೪೯ರ ಕಾಯಿದೆಯು ಅಡ್ಡಬರುತ್ತದೆ. ಜಾತಿಮತಗಳೆಂದರೆ, ಮಕ್ಕಳನ್ನು ಎಣಿಕೆಗೆ ಸೇರಿಸಿಕೊಳ್ಳುವ ಆತುರದಲ್ಲಿ ಅವುಗಳೂ ವ್ಯಾಪಾರಿಗಳಿಗಿಂತ ಹೆಚ್ಚು ಹಿಂದೆ ಬಿದ್ದವುಗಳಲ್ಲ. ಉಳಿಯುವ ಉತ್ತರವೊಂದೇ. ಆ ನಿಕ್ಷೇಪದ ಒಡೆಯನು ಆ ಮಗುವೇ. ಇಂದಿನ ಮಗುವನ್ನು ನಾಳೆ ಬೆಳೆದು ನಿಲ್ಲುವ ಅದೇ ಮನುಷ್ಯನಿಗಾಗಿ ಕಾಯತಕ್ಕದ್ದು. ಆಗ ಅವನು ತನ್ನ ಹುಟ್ಟಿದೂರನ್ನು ಕೇಳಿದರೆ ಹೇಳಬರಬೇಕು. ಹೋಗಬಯಸಿದರೆ ಹಾದಿ ತೆರೆದಿರಬೇಕು. ಶುನಃಶೇಪನಂತೆ ಒಲ್ಲೆನೆಂದರೆ ಅದಕ್ಕೂ ಎಡೆಯಿರಬೇಕು. ಹಾದಿಯನ್ನು ತೆರೆದಿಡುವುದೂ ಹಾದಿಗೆ ನೂಕುವುದೂ ಒಂದೇ ಅಲ್ಲ.

ಇದು ಬರಿಯ ಪಾಠಶಾಲೆಯ ತರ್ಕವೆಂದು ಯಾರಾದರೂ ನಕ್ಕರೆ, ೧೯೪೯ರಲ್ಲಿಯೇ ಜಿನೀವಾ ನಗರದಲ್ಲಿ ರಾಷ್ಟ್ರಗಳು ಮಾಡಿಕೊಂಡ ನಾಲ್ಕನೆಯ ಒಪ್ಪಂದವನ್ನು ಅವರು ನೋಡಬಹುದು. ಯುದ್ಧದಲ್ಲಿ ಅನಾಥರಾದ, ಮನೆಯವರಿಂದ ಅಗಲಿದ ಹದಿನೈದು ವರ್ಷದೊಳಗಿನ ಮಕ್ಕಳನ್ನು ಅವರ ಪಾಡಿಗೆ ಬಿಡಕೂಡದು, ಅವರ ಶಿಕ್ಷಣವು ಸಾಧ್ಯವಾದಷ್ಟು ಅವರದೇ ಸಂಸ್ಕೃತಿಯವರ ಕೈಯಲ್ಲಿರಬೇಕು, ಹನ್ನೆರಡು ವರ್ಷದೊಳಗಿನವರಿಗೆಲ್ಲ ಗುರುತಿನ ಬಿಲ್ಲೆಯನ್ನು ಕಟ್ಟಲು ಪ್ರಯತ್ನಿಸಬೇಕು ಎಂದು ಅಲ್ಲಿದೆ. ನಾಡನ್ನು ಆಕ್ರಮಿಸಿದ ರಾಜ್ಯವು ಮಕ್ಕಳ ವೈಯಕ್ತಿಕ ಸ್ಥಾನಮಾನವನ್ನು ಬದಲಿಸಕೂಡದೆಂದೂ ಇದೆ. ಕೊರಳಲ್ಲೊಂದು ಬಿಲ್ಲೆ! ಎರಡು ಮಹಾಯುದ್ಧಗಳನ್ನು ಕಂಡವರಿಗೆ ಕಡೆಗೆ ಹೊಳೆದ ರಕ್ಷಣೆಯು ಒಂದು ಹೆಸರು, ಒಂದು ಊರು. ಇಷ್ಟಿದ್ದರೂ ದಯೆಯ ಹಳೆಯ ಮುಖವಾಡವು ಮಾಯವಾಗಿಲ್ಲ. ರಶಿಯಾ ಯುಕ್ರೇನುಗಳ ಯುದ್ಧದಲ್ಲಿ ಯುಕ್ರೇನಿನ ಮಕ್ಕಳನ್ನು ರಶಿಯಾಕ್ಕೆ ಒಯ್ದು, ಅನಾಥರಿಗೆ ಸುಲಭವಾಗಿ ಪೌರತ್ವವನ್ನಿತ್ತು, ಮನೆಗಳಲ್ಲಿರಿಸಿದುದನ್ನು ಒಯ್ದವರು ರಕ್ಷಣೆಯೆಂದೇ ಹೇಳಿಕೊಂಡರು. ಹೇಗಿನಲ್ಲಿರುವ ಅಂತರರಾಷ್ಟ್ರೀಯ ದಂಡನ್ಯಾಯಾಲಯವು ಅದನ್ನು ಕಾನೂನುಬಾಹಿರ ಸಾಗಣೆಯೆಂದು ಎಣಿಸಿ ೨೦೨೩ರ ಮಾರ್ಚ ೧೭ರಂದು ಅಧ್ಯಕ್ಷ ಪುತಿನ್ ಮತ್ತು ಮಕ್ಕಳ ಹಕ್ಕುಗಳ ಅಧಿಕಾರಿಣಿ ಮರಿಯಾ ಲ್ವೋವಾ ಬೆಲೋವಾ ಇವರ ಮೇಲೆ ಬಂಧನದ ಆಜ್ಞೆಯನ್ನು ಹೊರಡಿಸಿತು. ಮಕ್ಕಳಿಗೆ ಹಾಲು ಬಟ್ಟೆ ಕೊಟ್ಟರೋ ಇಲ್ಲವೋ ಎಂಬುದು ಅಲ್ಲಿಯ ಪ್ರಶ್ನೆಯಲ್ಲ.

ಭಾರತದಲ್ಲಿ ೧೮೪೩ರ ಐದನೆಯ ಕಾಯಿದೆಯಿಂದ ದಾಸತ್ವಕ್ಕೆ ನ್ಯಾಯಾಲಯದ ಮನ್ನಣೆಯು 
ತಪ್ಪಿತು. ಮಕ್ಕಳನ್ನು ಮಾರುವುದೂ ಕೊಳ್ಳುವುದೂ, ಸಶಸ್ತ್ರ ಗುಂಪುಗಳು ಅವರನ್ನು ಸೇರಿಸಿಕೊಳ್ಳುವುದೂ ೨೦೧೫ರ ಬಾಲನ್ಯಾಯ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧಗಳು. ಆ ಕಾಯಿದೆಯ ಒಂದು ನಿಯಮವು ಜನರಿಗೆ ಅಷ್ಟಾಗಿ ತಿಳಿದಿಲ್ಲ. ದಿಕ್ಕಿಲ್ಲದ ಮಗುವನ್ನು ಕಂಡವನು ಯಾರೇ ಆಗಿರಲಿ, ೨೪ ತಾಸುಗಳೊಳಗೆ ಪೋಲಿಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ೧೦೯೮ರ ದೂರವಾಣಿಗೋ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಹೆತ್ತವರನ್ನು ಹುಡುಕುವ ಪ್ರಯತ್ನವು ಮುಗಿದಲ್ಲದೆ ದತ್ತಕವಿಲ್ಲ. ಪುಣ್ಯವೆಂದು ಮನೆಯಲ್ಲಿಟ್ಟುಕೊಂಡು ದನ ಕಾಯಲು ಕಳುಹಿಸುವ ಸಜ್ಜನರಿಗೆ ಈ ನಿಯಮವು ಕಿರುಕುಳವೆಂದು ತೋರಬಹುದು. ಆದರೆ ನಿಕ್ಷೇಪವನ್ನು ಸಾಕ್ಷಿಗಳ ಮುಂದೆ ಇಟ್ಟುಕೊಳ್ಳುವುದು ಇಟ್ಟುಕೊಂಡವನಿಗೂ ಕ್ಷೇಮ.

ಈಗ ಈ ತಾಲೂಕುಗಳಲ್ಲಿ ದಂಡುಗಳು ಸಂಚರಿಸುವುದಿಲ್ಲ. ಮಳೆ ಹೋದ ವರ್ಷ ಗುಳೆ ಹೋಗುವವರು ಗೋವೆಗೆ, ಪುಣೆಗೆ, ಕಬ್ಬಿನ ಕಾರಖಾನೆಗಳ ಸೀಮೆಗೆ ಹೊರಡುತ್ತಾರೆ. ನಿಲ್ದಾಣಗಳ ಗದ್ದಲದಲ್ಲಿ ಕೂಸು ಕೈತಪ್ಪುವುದಕ್ಕೆ ಯುದ್ಧವೇ ಬೇಕೆಂದಿಲ್ಲ. ಅಂಥ ಮಗುವನ್ನು ಕಂಡ ಶಿಕ್ಷಕನೋ ಗ್ರಾಮಲೆಕ್ಕಿಗನೋ ಮೊದಲು ಬರೆದುಕೊಳ್ಳಬೇಕಾದದ್ದು ಅದು ಹೇಳಿದ ಹೆಸರನ್ನು, ಹೇಳಿದ ಹಾಗೆಯೇ, ತನ್ನ ಕಿವಿಗೆ ಒಪ್ಪುವಂತೆ ತಿದ್ದದೆ. ಬಳಿಕ ಮೈಮೇಲಿನ ಹಚ್ಚೆ, ಕಿವಿಯ ಓಲೆ, ಉಡುದಾರದಲ್ಲಿ ಕಟ್ಟಿದ ತಾಯಿತ. ಮೂರು ವರ್ಷದ ಕೂಸಿಗೆ ಊರಿನ ಹೆಸರು ತಿಳಿದಿರಲಾರದು. ಆದರೆ ಅಳುವಾಗ ಅದು ಯಾರನ್ನೋ ಕರೆಯುತ್ತದೆ. ಅವ್ವಾ ಎಂದರೆ ಈ ಕಡೆಯದು. ಅಮ್ಮೀ ಎಂದರೆ ಉರ್ದು ಮಾತಾಡುವ ಮನೆಯದು. ಅಮ್ಮಾ ಎಂದರೆ ತೆಂಕಲ ಸೀಮೆಯದೋ ತೆಲುಗರದೋ ಆಗಿರಬಹುದು. ಆಯೀ ಎಂದರೆ ಸೊಲ್ಲಾಪುರದ ಕಡೆಯ ಮರಾಠಿ ಮನೆಯ ತಾಯಿಯೆಂದು ಕೂಡಲೆ ಬರೆದುಬಿಡಬಾರದು. ಇಲ್ಲಿಯ ಎಷ್ಟೋ ಕನ್ನಡ ಮನೆಗಳಲ್ಲಿ ಅಜ್ಜಿಗೂ ಆಯಿಯೆಂದೇ ಕರೆಯುತ್ತಾರೆ. ಆದ್ದರಿಂದ ಅದು ಕೂಗಿದ ಶಬ್ದವನ್ನಷ್ಟೇ ಬರೆದು, ಅರ್ಥದ ಜಾಗವನ್ನು ಖಾಲಿ ಬಿಡತಕ್ಕದ್ದು. ಹುಡುಕಿಕೊಂಡು ಬಂದವರು ಅದನ್ನು ತುಂಬುತ್ತಾರೆ.